ಮಾದಯ್ಯ ಬಂಡೆಗೆ ಇಳಿಯದ ದಿನ

ಓಯ್, ಹೆಮ್ಮಿಗೆಯವರೇ! ಮೂಗೂರಿನವರೇ! ನರಸೀಪುರದ ಬಸ್ಸಿಗೆ ಕಾಯುತ್ತ ನಿಂತವರೇ, ಸ್ವಲ್ಪ ಇತ್ತ ಬನ್ನಿ. ಬಸ್ಸು ಹೇಗೂ ಹೊತ್ತಿಗೆ ಸರಿಯಾಗಿ ಬರುವುದಿಲ್ಲ. ಅಷ್ಟರಲ್ಲಿ ಜೇನುಲಾಯರ್ ಮಾದಯ್ಯನ ಸಂಗತಿ ಹೇಳಿ ಮುಗಿಸುತ್ತೇನೆ.

ಲಾಯರ್ ಅಂದರೆ ಕರಿಕೋಟಿನ ಲಾಯರ್ ಅಲ್ಲ. ಮಾದಯ್ಯ ಇಸ್ಕೂಲಿನ ಮೆಟ್ಟಿಲು ಹತ್ತಿದ್ದು ಮಳೆ ಬಂದಾಗ ನೆನೆಯದೆ ನಿಲ್ಲುವುದಕ್ಕೆ ಮಾತ್ರ. ಅವನ ಕಸುಬು ಬಂಡೆ ಇಳಿದು ಜೇನು ಕೀಳುವುದು. ಅವನಪ್ಪನದೂ ಅದೇ ಕಸುಬು. ಊರಾಚೆಯ ದೊಣೆಬಂಡೆಯೇ ಅವರ ಹೊಲ, ಅವರ ಗದ್ದೆ.

ದೊಣೆಬಂಡೆಯ ನೆತ್ತಿಯ ಮೇಲೆ ಮಳೆನೀರು ನಿಲ್ಲುವ ಒಂದು ಕಲ್ಲುಗುಳಿ ಇತ್ತು, ಅದೇ ದೊಣೆ. ಮೂಡಲ ಮಗ್ಗುಲಲ್ಲಿ ಬಂಡೆ ಉಸಿರೆಳೆದು ಹೊಟ್ಟೆ ಒಳಗೆ ಮಾಡಿಕೊಂಡ ಹಾಗೆ ಒಳಸರಿದಿತ್ತು. ಮೇಲೆ ಮುಂದಕ್ಕೆ ಚಾಚಿಕೊಂಡ ಕಲ್ಲಿಗೆ ಚಾಚು ಅನ್ನುತ್ತಿದ್ದರು. ಆ ಚಾಚಿನ ಕೆಳಗೆ, ಮಳೆಯೂ ಬಿಸಿಲೂ ನೇರ ತಾಗದ ಕಡೆ, ಹುಚ್ಚೆಳ್ಳು ಹೂ ಬಿಡುವ ಕಾಲಕ್ಕೆ ಹೆಜ್ಜೇನು ಬಂದು ಕೂರುತ್ತಿದ್ದವು. ಒಂದೊಂದು ಗೂಡು ಮೊರದಷ್ಟು ಅಗಲ. ಮುಂಗಾರು ಹಿಡಿಯಿತೆಂದರೆ ಎದ್ದು ಎಲ್ಲಿಗೋ ಹೋಗಿಬಿಡುತ್ತಿದ್ದವು. ಮುಂದಿನ ವರ್ಷ ಮತ್ತೆ ಅದೇ ಜಾಗ, ಅದೇ ಕಲ್ಲು.

ಮಾದಯ್ಯ ಕತ್ತಾಳೆ ನಾರಿನ ಹಗ್ಗವನ್ನು ನೆತ್ತಿಯ ಬಸರಿ ಮರಕ್ಕೆ ಸುತ್ತಿ, ಇನ್ನೊಂದು ತುದಿಯನ್ನು ತನ್ನ ಸೊಂಟಕ್ಕೆ ಬಿಗಿದು, ಹಸಿಸೊಪ್ಪಿನ ಹೊಗೆ ಹಿಡಿದು ಇಳಿಯುತ್ತಿದ್ದ. ತುಪ್ಪ ಇರುವ ಕಡೆ ಮಾತ್ರ ಕುಯ್ಯುವುದು, ಮರಿ ಇರುವ ಕಡೆ ಕೈ ಹಾಕುವುದಿಲ್ಲ. ಕಂಡ ಗೂಡನ್ನೆಲ್ಲ ಬಾಚುವವನನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ. ಒಳ್ಳೆಯ ತುಪ್ಪವನ್ನು ಡಬ್ಬದಲ್ಲಿ ಹೊತ್ತು ನಂಜನಗೂಡಿನ ಬಸ್ಸು ಹತ್ತುತ್ತಿದ್ದ. ಅಲ್ಲಿ ದೇವಸ್ಥಾನದ ಬೀದಿಯಲ್ಲಿ ನಾಟಿ ಔಷಧಿಯ ಅಂಗಡಿ ಇಟ್ಟಿದ್ದ ಸುಬ್ರಹ್ಮಣ್ಯ ಶಾಸ್ತ್ರಿಗಳು ಅವನ ತುಪ್ಪ ಬಿಟ್ಟು ಬೇರೆಯವರದನ್ನು ಮೂಸಿಯೂ ನೋಡುತ್ತಿರಲಿಲ್ಲ.

ಜನ ಅವನನ್ನು ಧೈರ್ಯಶಾಲಿ ಅನ್ನುತ್ತಿದ್ದರು. ಅವನಿಗೆ ಆ ಮಾತು ಕೇಳಿದರೆ ಮೈಯುರಿ.

"ಧೈರ್ಯ ಇರೋರು ಪೋಲೀಸ್‌ಗೆ ಸೇರ್ಕಳ್ಳಿ. ಬಂಡೆಗೆ ಪುಕ್ಕಲನೇ ಬೇಕು" ಅನ್ನುತ್ತಿದ್ದ.

ಪುಕ್ಕಲು ಅಂದರೆ ಅವನಿಗೊಂದು ಕಟ್ಟುಪಾಡು. ಒದ್ದೆ ಕಲ್ಲಿಗೆ ಕಾಲಿಡುವಂತಿಲ್ಲ. ಮನೆಯಲ್ಲಿ ಜಗಳ ಆಡಿ ಬಂದ ದಿನ ಇಳಿಯುವಂತಿಲ್ಲ. ಎಲ್ಲಕ್ಕಿಂತ ದೊಡ್ಡದು, ಮೇಲೆ ಹಗ್ಗ ಹಿಡಿಯುವವನು ಹೆಂಡತಿಯ ಒಡಹುಟ್ಟಿದವನೇ ಆಗಿರಬೇಕು. ಸ್ವಂತ ಅಣ್ಣತಮ್ಮಂದಿರಿಗೆ ಒಂದು ತುಂಡು ನೆಲದ ಮೇಲೆ ಕಣ್ಣಿರಬಹುದು. ಹೆಂಡತಿಯ ತಮ್ಮನಿಗೆ ಅಕ್ಕನ ಹಣೆಯ ಕುಂಕುಮದ ಮೇಲೆ ಕಣ್ಣು. ಅವನು ಮೇಲೆ ನಿಂತು "ಬ್ಯಾಡ" ಅಂದರೆ ಮುಗಿಯಿತು, ಸೊಂಟದ ಗಂಟು ಬಿಚ್ಚಬೇಕು. ಯಾಕೆ ಅಂತ ಆ ದಿನ ಕೇಳುವ ಹಾಗಿಲ್ಲ, ಅವನೂ ಹೇಳುವ ಹಾಗಿಲ್ಲ. ಕಾರಣ ಹೇಳಿದರೆ ವಾದ ಹುಟ್ಟುತ್ತದೆ, ವಾದದಲ್ಲಿ ಗೆದ್ದವನು ಇಳಿದೇ ಇಳಿಯುತ್ತಾನೆ. ಮಾದಯ್ಯನ ಅಪ್ಪ ಹಾಗೆ ವಾದದಲ್ಲಿ ಗೆದ್ದೇ ಸೊಂಟ ಮುರಿದುಕೊಂಡು, ಉಳಿದ ಕಾಲವನ್ನೆಲ್ಲ ಹಟ್ಟಿಯ ಜಗಲಿಯಲ್ಲಿ ಕಳೆದಿದ್ದು.

ಅದಕ್ಕೇ ಎಪ್ಪತ್ತೆರಡನೇ ಇಸವಿಯಲ್ಲಿ ಹೆಣ್ಣು ನೋಡಲು ಹೋದ ಮಾದಯ್ಯ, ಹೆಣ್ಣಿಗಿಂತ ಹೆಚ್ಚಾಗಿ ಹೆಣ್ಣಿನ ತಮ್ಮನನ್ನು ನೋಡಿದ್ದ. ಚಾಮಯ್ಯ ಆಗಿನ್ನೂ ಚಿಗುರುಮೀಸೆಯವನು, ಆದರೆ ತೋಳು ಎತ್ತಿನ ಗಾಡಿಯ ಮೂಕಿಯಂತೆ. ಮದುವೆಯಾಗಿ ಬಂದ ಚಲುವಮ್ಮ ಈ ಮಾತನ್ನು ಗಂಡನಿಗೆ ಬಿಟ್ಟುಕೊಡಲೇ ಇಲ್ಲ.

"ನನ್ನ ಮಕ ಯಾವಾಗ ನೋಡ್ದೆ ನೀನು? ನನ್ ತಮ್ಮನ ತೋಳಿಗೆ ತಾಳಿ ಕಟ್ಟಿದ್ರೆ ಆಗ್ತಿತ್ತು" ಅನ್ನುವಳು.

ಹಗ್ಗ ಹಿಡಿಯಲು ಶುರುಮಾಡಿದ ಹೊಸತರಲ್ಲಿ ಒಮ್ಮೆ, ಗೂಡುಗಳು ತುಪ್ಪದ ಭಾರಕ್ಕೆ ಜೋಲುತ್ತಿದ್ದ ಕಾಲದಲ್ಲಿ, ಚಾಮಯ್ಯ "ಬ್ಯಾಡ ಬಾವ" ಅಂದುಬಿಟ್ಟ. ಮಾದಯ್ಯ ಹಲ್ಲು ಕಚ್ಚಿಕೊಂಡು ಮನೆಗೆ ಬಂದ. ಮಾರನೆಯ ದಿನ ಕೇಳಿದರೆ ಚಾಮಯ್ಯ ತಲೆ ತುರಿಸಿಕೊಂಡ.

"ಗೊತ್ತಿಲ್ಲ ಬಾವ. ಯಾಕೋ ಒಟ್ಟೆ ಒಳಗೆ ತಣ್ಣಗಾಯ್ತು."

ಮಾದಯ್ಯ ಅದಕ್ಕೆ ನಕ್ಕ. ಆದರೆ ಅವತ್ತಿನಿಂದ ಚಾಮಯ್ಯನ ಮೇಲೆ ಅವನಿಗೆ ಭರವಸೆ ಗಟ್ಟಿಯಾಯಿತು. ಕಾರಣ ಇಲ್ಲದೆಯೂ ಹೆದರುವವನು ಕಾರಣ ಇದ್ದಾಗ ಖಂಡಿತ ಹೆದರುತ್ತಾನೆ.

ಹೀಗೆ ಹತ್ತು ವರ್ಷ ನಡೆಯಿತು. ಆಮೇಲೆ ಬಂಡೆಯ ಪಡುವಣ ಬುಡಕ್ಕೆ ಕ್ವಾರಿ ಬಂತು. ರಸ್ತೆಗೆ ಜಲ್ಲಿ ಬೇಕಾಗಿತ್ತು, ಯಾರೋ ಹೊರಗಿನ ಕಂಟ್ರಾಕ್ಟರ್ ಗುತ್ತಿಗೆ ಹಿಡಿದ. ದಿನಾ ಮಧ್ಯಾಹ್ನ ಮದ್ದು ಸಿಡಿದರೆ ಹಟ್ಟಿಯ ಮಡಕೆಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು. ಚಾಮಯ್ಯನಿಗೆ ಅಲ್ಲಿ ಮೇಸ್ತ್ರಿ ಕೆಲಸ ಸಿಕ್ಕಿತು. ಜೇನು ವರ್ಷದಲ್ಲಿ ನಾಲ್ಕು ತಿಂಗಳ ಮಾತು, ಅವನ ಮನೆಯಲ್ಲಿ ಉಣ್ಣುವ ಬಾಯಿಗಳು ಹನ್ನೆರಡು ತಿಂಗಳೂ ತೆರೆದೇ ಇರುತ್ತಿದ್ದವು. ಮಾದಯ್ಯ ಅದಕ್ಕೆ ಬೈಯಲಿಲ್ಲ.

"ನೀನು ಕೆಳ್ಗಿಂದ ಒಡ್ಕಂಡ್ ಬಾ, ನಾನು ಮ್ಯಾಲಿಂದ ಇಳ್ಕಂಡ್ ಬತ್ತೀನಿ. ಮದ್ಯದಲ್ಲಿ ಎಲ್ಲಾದ್ರೂ ಸಿಕ್ಕುವ" ಅಂದ ಅಷ್ಟೆ. ಜೇನಿನ ಕಾಲ ಬಂದಾಗ ಚಾಮಯ್ಯ ಒಂದು ದಿನದ ಕೂಲಿ ಬಿಟ್ಟು ಬಂದು ಹಗ್ಗ ಹಿಡಿದು ಹೋಗುತ್ತಿದ್ದ.

ಎಂಬತ್ತಮೂರರ ಹೊತ್ತಿಗೆ ಗೂಡುಗಳು ಅರ್ಧಕ್ಕರ್ಧ ಕಡಿಮೆಯಾದವು. ಅದೇ ವರ್ಷ ಕಂಟ್ರಾಕ್ಟರ್ ನೆತ್ತಿಯಿಂದ ಬುಡದವರೆಗೆ ಇಡೀ ಬಂಡೆಯನ್ನೇ ಕೊಡಿ ಎಂದು ತಾಲ್ಲೂಕು ಕಚೇರಿಗೆ ಬರೆದುಕೊಂಡ. ಸರ್ಕಾರದ ಪಹಣಿಯಲ್ಲಿ ದೊಣೆಬಂಡೆ ಖರಾಬು, ಅಂದರೆ ಯಾತಕ್ಕೂ ಬಾರದ ನೆಲ.

ಮಾದಯ್ಯ ಎದ್ದು ಓಡಾಡತೊಡಗಿದ್ದು ಆಗ. ಹೆಮ್ಮಿಗೆಯಲ್ಲಿ ಒಂದು ಜಗಲಿ, ಮೂಗೂರಿನಲ್ಲಿ ಒಂದು ಜಗಲಿ, ಮುಡುಕುತೊರೆಯ ತನಕ ನಡೆದ. ಜೇನು ಹೋದರೆ ನಿಮ್ಮ ಹುಚ್ಚೆಳ್ಳು ಜೊಳ್ಳಾಗುತ್ತದೆ, ಸೋರೆ ಬಳ್ಳಿಯಲ್ಲಿ ಹೂ ಉದುರಿ ಕಾಯಿ ಕಚ್ಚುವುದಿಲ್ಲ ಎಂದು ಹೇಳಿದ. ಹೇಳುವುದು ಅವನಿಗೆ ಬರುತ್ತಿರಲಿಲ್ಲ. ನಾಲ್ಕು ಮಾತಿಗೆ ಗಂಟಲು ಕಟ್ಟುತ್ತಿತ್ತು. ಎದುರುಮನೆಯ ನಾಗಯ್ಯನೇ ಅವನಿಗೆ ಜೇನುಲಾಯರ್ ಅಂತ ಹೆಸರಿಟ್ಟಿದ್ದು.

"ಏನ್ ಲಾಯ್ರೇ, ಈ ಸಲ ಜೇನುಗಳು ಪೀಸು ಕೊಟ್ಟವೋ, ಇಲ್ಲ ಬರೀ ಕಚ್ಚಿ ಕಳುಸುದ್ವೋ?"

ಮೊದಮೊದಲು ಮಾದಯ್ಯ ಉತ್ತರ ಕೊಡುತ್ತಿದ್ದ. ಆಮೇಲಾಮೇಲೆ ಸುಮ್ಮನೆ ಟವಲಿನಿಂದ ಮುಖ ಒರೆಸಿಕೊಂಡು ಮುಂದೆ ನಡೆಯುತ್ತಿದ್ದ. ಅವನಿಗೆ ಆಗ ನಲವತ್ತು ದಾಟಿತ್ತು. ಬಂಡೆ ಇಳಿದರೆ ನೋಯದ ಮಂಡಿ ಜಗಲಿಯಿಂದ ಜಗಲಿಗೆ ನಡೆದು ನೋಯುತ್ತಿತ್ತು.

ಕೊನೆಗೆ ನಂಜನಗೂಡಿನ ಶಾಸ್ತ್ರಿಗಳೇ ಒಂದು ಅರ್ಜಿ ಬರೆದುಕೊಟ್ಟರು.

"ಅಲ್ಲಯ್ಯ ಮಾದಯ್ಯ, ಇದನ್ನ ಈಗ್ಲೇ ಕೊಟ್ಬಿಡು. ಜೇನು ಕೂತಿರೋವಾಗ್ಲೇ ಅವರು ಬಂದು ನೋಡ್ಬೇಕು" ಅಂದರು.

"ಕೊಡ್ತೀನಿ ಸಾಮಿ. ಆದ್ರೆ ಜೇನು ಕೂತಿರೋವಾಗ ಸರ್ಕಾರ ಏಳಬೇಕಲ್ಲ."

ಅವನು ಹೇಳಿದ ಹಾಗೇ ಆಯಿತು. ಬೇಸಿಗೆಯಲ್ಲಿ ಕೊಟ್ಟ ಅರ್ಜಿಗೆ ಶ್ರಾವಣದಲ್ಲಿ ಜೀಪು ಬಂತು. ಜೇನು ಎದ್ದು ಹೋಗಿ ಎಷ್ಟೋ ವಾರಗಳಾಗಿದ್ದವು.

ಹಿಂದಿನ ಸಂಜೆ ಜೋರು ಮಳೆ ಹೊಡೆದಿತ್ತು. ಬೆಳಗ್ಗೆ ಬಿಸಿಲು ಬಿದ್ದು ಬಂಡೆಯ ಬೆನ್ನಿನಿಂದ ಹಬೆ ಏಳುತ್ತಿತ್ತು. ತಾಲ್ಲೂಕು ಕಚೇರಿಯ ಸಾಹೇಬರು ಕೆಟ್ಟವರಲ್ಲ. ಉಸಿರು ಬಿಡುತ್ತ ನೆತ್ತಿಗೆ ಹತ್ತಿ ಬಂದರು, ಎಲ್ಲ ಕಡೆ ನೋಡಿದರು. ಹಿಂದೆ ಅರ್ಧ ಊರೇ ಬಂದಿತ್ತು, ಚಲುವಮ್ಮನೂ ಬಂದಿದ್ದಳು. ಕಂಟ್ರಾಕ್ಟರನ ಕಡೆಯವನೊಬ್ಬ ಬಿಳಿ ಪ್ಯಾಂಟು ಹಾಕಿಕೊಂಡು ದೂರದಲ್ಲಿ ಸಿಗರೇಟು ಸೇದುತ್ತ ನಿಂತಿದ್ದ.

"ಎಲ್ಲಪ್ಪ ನಿನ್ನ ಜೇನು?" ಸಾಹೇಬರು ಕೇಳಿದರು.

"ಈಗ ಇಲ್ಲ ಸಾ. ಹುಚ್ಚೆಳ್ಳು ಹೂವಿಗೆ ಬತ್ತವೆ."

"ನಾನು ಇವತ್ತು ಬಂದಿದೀನಲ್ಲ. ಇವತ್ತು ಏನಿದೆ ತೋರ್ಸು."

"ಚಾಚಿನ ಕೆಳಗೆ ಗುರುತದೆ ಸಾ. ಹಳೇ ಮೇಣ ಕಲ್ಲಿಗೆ ಅಂಟ್ಕಂಡಿರ್ತದೆ. ಇಲ್ಲಿಂದ ಕಾಣಕ್ಕಿಲ್ಲ, ಕೆಳ್ಗಿಂದ್ಲೂ ಕಾಣಕ್ಕಿಲ್ಲ."

ಸಾಹೇಬರು ಸ್ವಲ್ಪ ಯೋಚಿಸಿದರು.

"ನೋಡು, ನನ್ನ ಕಣ್ಣೆದುರಿಗೆ ಇಳಿದು ಒಂದು ಚೂರು ಮೇಣ ಕಿತ್ಕೊಂಡು ಬಾ. ವರ್ಷಾವರ್ಷ ಜೇನು ಕೂರೋ ಬಂಡೆ, ಇದನ್ನ ಕೊಡಕೂಡದು ಅಂತ ಇಲ್ಲೇ ಬರೆದುಬಿಡ್ತೀನಿ. ತರದೆ ಹೋದ್ರೆ ನಾನೇನು ಬರೀಲಿ? ಬರೀ ಬಂಡೆ ಅಂತ ಬರೀಬೇಕಾಗುತ್ತೆ. ಮುಂದಿನ ತಿಂಗಳು ನನಗೆ ವರ್ಗ, ಇನ್ನೊಂದು ಸಲ ಬರೋಕಾಗಲ್ಲ."

ನಾಗಯ್ಯ ಮಾದಯ್ಯನ ಕಿವಿಯ ಹತ್ತಿರ ಬಾಗಿದ. "ಮನೇಲಿರೋ ಮೇಣನೇ ಸೊಂಟಕ್ ಸಿಗಿಸ್ಕಂಡು ಒಂದ್ ಆಳುದ್ದ ಇಳ್ದಂಗ್ ಮಾಡ್ಲಾ, ಸಾಕು."

"ನಾನು ಲಾಯ್ರಿ ಕಣ್ಲಾ, ಕಳ್ಳಸಾಕ್ಷಿ ಅಲ್ಲ" ಅಂದ ಮಾದಯ್ಯ. ಸುತ್ತ ಇದ್ದವರು ನಕ್ಕರು. ಮಾದಯ್ಯನೂ ಒಂದು ಚೂರು ನಕ್ಕ. ಅವತ್ತು ಅವನು ನಕ್ಕಿದ್ದು ಅಷ್ಟೇ.

ಬಂಡೆಯ ಅಂಚಿಗೆ ಹೋಗಿ ಬರಿಗಾಲಿನಿಂದ ತಡವಿ ನೋಡಿದ. ಮೇಲ್ಮೈ ಕಾದಿತ್ತು, ಒಣಗಿತ್ತು. ಪಾದ ಜಾರಲಿಲ್ಲ. ಇಳಿಯಬಹುದು ಅನ್ನಿಸಿತು. ಇಷ್ಟು ದಿನ ಎಲ್ಲರ ಜಗಲಿಯಲ್ಲಿ ಬಾಯಿ ನೋಯಿಸಿಕೊಂಡದ್ದು ಒಂದು ಚೂರು ಮೇಣದಲ್ಲಿ ಮುಗಿಯುತ್ತದೆ ಅಂದರೆ ಅವನಿಗೆ ನಂಬಲೇ ಆಗಲಿಲ್ಲ. ಹೆಗಲಲ್ಲಿದ್ದ ಹಗ್ಗ ಬಿಚ್ಚಿ ಬಸರಿ ಮರಕ್ಕೆ ಸುತ್ತು ಹಾಕಿ, ಇನ್ನೊಂದು ತುದಿಯನ್ನು ಸೊಂಟಕ್ಕೆ ಬಿಗಿದ.

ಹಿಡಿಯುವವನು ಬೇಕಲ್ಲ. ಕರೆಯಲು ಯಾರನ್ನೂ ಕಳಿಸಿರಲಿಲ್ಲ, ಆದರೂ ಚಾಮಯ್ಯ ಕ್ವಾರಿಯ ಕಡೆಯಿಂದ ಹತ್ತಿ ಬರುತ್ತಿದ್ದ. ಮೀಸೆ, ಹುಬ್ಬು ಎಲ್ಲ ಕಲ್ಲುಪುಡಿಯಿಂದ ಬೆಳ್ಳಗಾಗಿದ್ದವು. ಬಂಡೆ ಕ್ವಾರಿಗೆ ಸಿಗದಿದ್ದರೆ ಅವನ ಮೇಸ್ತ್ರಿಗಿರಿ ಆ ವರ್ಷಕ್ಕೇ ಮುಗಿಯುತ್ತದೆ ಎಂದು ಅಲ್ಲಿ ನಿಂತಿದ್ದ ಪ್ರತಿಯೊಬ್ಬನಿಗೂ ಗೊತ್ತಿತ್ತು. ಅವನು ಯಾರ ಮುಖವನ್ನೂ ನೋಡಲಿಲ್ಲ. ಬಾವನ ಸೊಂಟದ ಗಂಟು ಎಳೆದು ನೋಡಿದ, ಮರದ ಸುತ್ತು ಎಳೆದು ನೋಡಿದ. ಆಮೇಲೆ ಬೋರಲು ಮಲಗಿ ಅಂಚಿನಾಚೆ ತಲೆ ಚಾಚಿ ಕೆಳಗೆ ನೋಡಿದ. ತುಂಬ ಹೊತ್ತು ನೋಡಿದ. ಎದ್ದು ಮಂಡಿಯ ಧೂಳು ಒರೆಸಿಕೊಂಡ.

"ಬ್ಯಾಡ ಬಾವ" ಅಂದ.

ಬಿಳಿ ಪ್ಯಾಂಟಿನವನು ಸಿಗರೇಟು ಎಸೆದ. ಆಮೇಲೆ ಎಲ್ಲರೂ ಒಟ್ಟಿಗೇ ಬಾಯಿ ಬಿಟ್ಟರು.

"ಅಯ್ಯೋ ಇವನ! ಕ್ವಾರಿ ಬಟವಾಡೆ ದುಡ್ಡು ಮಾತಾಡ್ತಾ ಅದೆ ಕಣ್ರೋ!"

"ಕಲ್ಲು ಒಣಗಿ ಹಪ್ಪಳ ಆಗದೆ, ಯಾಕ್ಲಾ ಬ್ಯಾಡ?"

ಸಾಹೇಬರೂ ಕೇಳಿದರು, "ಯಾಕಯ್ಯ? ಏನು ಕಾರಣ?"

ಚಾಮಯ್ಯ ಬಾವನನ್ನೇ ನೋಡುತ್ತ ನಿಂತ. ಚಲುವಮ್ಮ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು.

ಕಲ್ಲು ಒಣಗಿದೆ ಎಂದು ಮಾದಯ್ಯನ ಪಾದ ಹೇಳುತ್ತಿತ್ತು. ಮೇಣ ಇರುವ ಜಾಗ ಕಣ್ಣು ಮುಚ್ಚಿದರೂ ಅವನಿಗೆ ಕಾಣುತ್ತಿತ್ತು. ಇವನು ಹಿಡಿಯದಿದ್ದರೆ ಏನು, ಮರ ಹಿಡಿಯುತ್ತದೆ. ಒಂದು ಸಲ, ಒಂದೇ ಒಂದು ಸಲ. ಅಪ್ಪನೂ ಒಂದೇ ಒಂದು ಸಲ ಅಂದುಕೊಂಡೇ ಇಳಿದಿದ್ದಿರಬೇಕು. ಚಾಮಯ್ಯನ ಕಣ್ಣಿನಲ್ಲಿ ಏನಿದೆ ಎಂದು ಹುಡುಕಿದ. ಹೆದರಿಕೆ ಇತ್ತು. ಬಂಡೆಯದೋ, ಕೂಲಿಯದೋ ಅವನಿಗೆ ತಿಳಿಯಲಿಲ್ಲ. ಇಷ್ಟು ವರ್ಷ ಈ ಮುಖವನ್ನು ಓದಬೇಕಾಗಿಯೇ ಬಂದಿರಲಿಲ್ಲ.

ಸೊಂಟದ ಗಂಟು ಬಿಚ್ಚಿದ.

"ನಾನೇನು ಬರೀಲಿ ಮಾದಯ್ಯ?" ಸಾಹೇಬರು ಮೆಲ್ಲಗೆ ಕೇಳಿದರು.

"ಕಂಡಿದ್ದು ಬರ್ಕಳಿ ಸಾ."

ಅವರು ಬರೆದುಕೊಂಡರು, ಪಂಚರ ಸಹಿ ಹಾಕಿಸಿಕೊಂಡರು. ಜೀಪು ಹೋಯಿತು. ಚಾಮಯ್ಯ ಯಾವಾಗ ಇಳಿದು ಹೋದನೋ ಯಾರೂ ನೋಡಲಿಲ್ಲ.

ಆದರೆ ನಾಗಯ್ಯ ಬಿಡುವವನಲ್ಲ. ಜೇನಿನ ವಿಷಯದಲ್ಲಿ ಇಷ್ಟು ದಿನ ಗೇಲಿ ಮಾಡಿದ್ದವನಿಗೆ ಈಗ ಇದ್ದಕ್ಕಿದ್ದಂತೆ ಜೇನಿನ ಮೇಲೆ ಪ್ರೀತಿ ಉಕ್ಕಿತ್ತು. ಎಲ್ಲಿಂದಲೋ ಒಂದು ಉದ್ದನೆಯ ಬಿದಿರು ಗಳ ಹಿಡಿದು ಬಂದ.

"ಇರು ಮಾದಯ್ಯ. ಈ ಗಳದ ತುದೀಗೆ ಒಂದು ಬಟ್ಟೆ ಸುತ್ತಿ, ಚಾಚಿನ ಕೆಳಗೆ ಆಡುಸ್ಬುಡುವ. ಮ್ಯಾಲಿನ ನೀರು ಒಸರಿ ಬಟ್ಟೆ ಒದ್ದೆ ಆದ್ರೆ ಚಾಮಯ್ಯ ಸಾಚ. ಒಣಗಿದ್ರೆ ಇವತ್ತೇ ಊರೊಳಗೆ ನ್ಯಾಯ ಸೇರ್ಸುವ."

"ಬ್ಯಾಡ."

"ಯಾಕ್ ಬ್ಯಾಡ? ಗೊತ್ತಾಗ್ಬುಡ್ತದಲ್ಲ!"

"ಗೊತ್ತಾಗಬಾರ್ದು ಕಣಪ್ಪ. ಒಂದ್ಸಲ ಬಟ್ಟೆ ಕಟ್ಟಿ ಅವನ ಮಾತು ಅಳೆದ್ರೆ, ಇನ್ನು ಅವನು ಹಗ್ಗ ಹಿಡ್ಯಕಾಗಕ್ಕಿಲ್ಲ, ನಾನು ಇಳ್ಯಕಾಗಕ್ಕಿಲ್ಲ."

ನಾಗಯ್ಯ ಅವನನ್ನೇ ನೋಡಿದ. "ಎಲ್ಲಿಗಪ್ಪ ಇಳ್ಯೋದು ಇನ್ನು? ಬಂಡೆನೇ ಓಯ್ತಲ್ಲ."

ಮಾದಯ್ಯ ಹಗ್ಗ ಸುತ್ತಿ ಹೆಗಲಿಗೆ ಹಾಕಿಕೊಂಡು, ಗಳವನ್ನು ನಾಗಯ್ಯನ ಕೈಯಿಂದ ಕಿತ್ತುಕೊಂಡು ಇಳಿದು ಬಂದ. ಇಳಿಯುವಾಗ ಮಂಡಿ ಎರಡು ಕಡೆ ಕೂರಿಸಿತು.

ಮನೆಯಲ್ಲಿ ಚಲುವಮ್ಮ ಒಲೆ ಹಚ್ಚಿರಲಿಲ್ಲ.

"ಬೀದಿಯಲ್ಲಿ ಏನಂತವ್ರೆ ಗೊತ್ತಾ? ನನ್ ತಮ್ಮ ಬಾವನ್ನ ಮಾರ್ಕಂಡ ಅಂತವ್ರೆ. ನೀರಿನ ತಾವ ಒಬ್ಬಳೂ ನನ್ ಕೂಡೆ ಮಾತಾಡ್ಲಿಲ್ಲ" ಅಂದಳು. ಆಮೇಲೆ ದನಿ ಇಳಿಸಿ ಕೇಳಿದಳು, "ನಿನಗೆ ಏನನ್ನುಸ್ತದೆ? ದಿಟ ಯೋಳು."

"ನಾನು ಕೇಳಿಲ್ಲ."

"ಕೇಳ್ದೆ ಓದ್ರೆ ನಂಗೆ ಅನ್ನ ಇಳ್ಯಕ್ಕಿಲ್ಲ."

"ಕೇಳುದ್ರೆ ನಂಗೆ ಇಳ್ಯಕ್ಕಿಲ್ಲ."

ಅವಳು ಗೋಡೆಯ ಕಡೆ ತಿರುಗಿ ಕೂತಳು. ಮಾದಯ್ಯ ಕಂಬಕ್ಕೆ ಒರಗಿ ಸ್ವಲ್ಪ ಹೊತ್ತು ಕಣ್ಣು ಮುಚ್ಚಿದ. ದಣಿವು ಇವತ್ತಿನದಲ್ಲ. ಎಲ್ಲ ಜಗಲಿಗಳದೂ ಸೇರಿಕೊಂಡು ಮೂಳೆಗೆ ಇಳಿದಿತ್ತು. ಎಲ್ಲಾದರೂ ಬಿದ್ದುಕೊಂಡು ಒಂದು ವಾರ ಏಳದೆ ಇದ್ದರೆ ಸಾಕಾಗಿತ್ತು.

ದನ ಕೊಟ್ಟಿಗೆಗೆ ಬರುವ ಹೊತ್ತಿಗೆ ಎದ್ದ. ಟವಲು ಹೆಗಲಿಗೆ ಹಾಕಿಕೊಂಡು ಬೀದಿಗೆ ಇಳಿದ. ಒಳದಾರಿ ಇತ್ತು, ಅದನ್ನು ಹಿಡಿಯಲಿಲ್ಲ. ನಾಗಯ್ಯನ ಮನೆ, ಭಜನೆಮನೆ, ನೀರಿನ ಬಾವಿ, ಎಲ್ಲರ ಕಣ್ಣಿಗೆ ಬೀಳುವ ಹಾಗೆ ನಡುಬೀದಿಯಲ್ಲೇ ನಡೆದು ಚಾಮಯ್ಯನ ಮನೆಯ ಜಗಲಿಯ ಮೇಲೆ ಕೂತ. ಬಾಗಿಲು ಮುಚ್ಚಿತ್ತು.

"ರಾಮಮ್ಮ, ಇಟ್ಟಾಗಿದ್ರೆ ಒಂದು ತಟ್ಟೆ ಇತ್ಲಾಗೇ ಕೊಡವ್ವ. ಒಳ್ಗೆ ಸೆಕೆ" ಅಂತ ಬೀದಿಗೆಲ್ಲ ಕೇಳುವ ಹಾಗೆ ಕೂಗಿದ.

ಚಾಮಯ್ಯನ ಹೆಂಡತಿ ರಾಮಮ್ಮ ಬಾಗಿಲು ತೆಗೆದು ನೋಡಿ, ತಟ್ಟೆ ತಂದಿಟ್ಟಳು. ರಾಗಿ ಮುದ್ದೆ, ಉಪ್ಸಾರು. ಅವಳ ಹಿಂದೆಯೇ ಚಾಮಯ್ಯ ಬಂದು ಹೊಸ್ತಿಲಿನಲ್ಲಿ ಕುಕ್ಕರುಗಾಲಿನಲ್ಲಿ ಕೂತ. ಮುಖ ತೊಳೆದಿರಲಿಲ್ಲ, ಹುಬ್ಬಿನ ಮೇಲೆ ಕಲ್ಲುಪುಡಿ ಹಾಗೇ ಇತ್ತು. ಎದುರು ಜಗಲಿಯಲ್ಲಿ ಬೀಡಿ ಸೇದುತ್ತಿದ್ದವರು ಮಾತು ನಿಲ್ಲಿಸಿ ಇತ್ತಲೇ ನೋಡುತ್ತಿದ್ದರು.

"ಬಾವ" ಅಂದ ಚಾಮಯ್ಯ, "ಕೆಳಗೆ ಆ ಚಾಚಿನ ತಾವ..."

"ಮುಚ್ಚು."

"ನಾನು ಯೋಳೇ ಬುಡ್ತೀನಿ ಬಾವ, ನನ್ ಕೈಲಿ ಆಗಕ್ಕಿಲ್ಲ. ಊರೆಲ್ಲ ಅಂತವ್ರೆ..."

"ಇವತ್ತು ಯೋಳಕೂಡ್ದು ಅಂದ್ರೆ ಯೋಳಕೂಡ್ದು. ನಿಂಗೊಂದು, ನಂಗೊಂದು ಕಟ್ಟುಪಾಡಾ ಅದು?" ಮಾದಯ್ಯ ಮುದ್ದೆ ಮುರಿದ. "ನೀನೂ ತಟ್ಟೆ ತಕ್ಕಂಡ್ ಬಾ. ಒಬ್ಬನೇ ಉಂಡ್ರೆ ಅವರು ನೋಡಾಕೆ ಏನ್ ಚೆಂದ?"

ಚಾಮಯ್ಯ ಒಳಗೆ ಹೋಗಿ ತಟ್ಟೆ ತಂದ. ಇಬ್ಬರೂ ಬೀದಿಗೆ ಮುಖ ಮಾಡಿ ಉಂಡರು. ಚಾಮಯ್ಯ ಒಂದೊಂದು ತುತ್ತಿಗೂ ನೀರು ಕುಡಿಯುತ್ತಿದ್ದ. ಮಾದಯ್ಯನಿಗೂ ರುಚಿ ಗೊತ್ತಾಗುತ್ತಿರಲಿಲ್ಲ. ಆದರೂ ತಟ್ಟೆ ಖಾಲಿಯಾದ ಮೇಲೆ ರಾಮಮ್ಮನನ್ನು ಕರೆದು ಇನ್ನೊಂದು ಅರ್ಧ ಮುದ್ದೆ ಹಾಕಿಸಿಕೊಂಡ. ಎದುರು ಜಗಲಿಯವರು ಒಬ್ಬೊಬ್ಬರಾಗಿ ಎದ್ದು ಒಳಗೆ ಹೋಗುವ ತನಕ, ಅದನ್ನು ಚೂರುಚೂರೇ ಮುರಿದು ನಿಧಾನವಾಗಿ ಉಂಡು ಮುಗಿಸಿದ.